ಸನದು (ಓದಿದ ಪ್ರಮಾಣಪತ್ರ) ಇಲ್ಲದವರು ಮೊಹಲ್ಲಾದ ಮಕ್ಕಳಿಗೆ ಕುರಾನ್ ಕಲಿಸಬಾರದಾ?

ಮಂಡಕ್ಕಿ ಭಟ್ಟಿ, ದಾವಣಗೆರೆ

ಅಸ್ಸಲಾಮು ಅಲೈಕುಂ. ದೀನ್ (ಧರ್ಮ) ಓದಿಕೊಂಡವರು, ಮಕ್ಕಳಿಗೆ ಕಲಿಸಿ ಅನುಭವ ಇರೋರು ದಯವಿಟ್ಟು ಉತ್ತರ ಕೊಡಿ. ನಮ್ಮ ಮೊಹಲ್ಲಾದಲ್ಲಿ ಈ ವಿಷಯಕ್ಕೆ ಅಣ್ಣ ತಮ್ಮಂದಿರೇ ಮಾತು ಬಿಡೋ ಹಂತಕ್ಕೆ ಬಂದಿದೆ.

ನಮ್ಮದು ಮಂಡಕ್ಕಿ ಭಟ್ಟಿ ಏರಿಯಾ. ಗಂಡಸರು, ಹೆಂಗಸರು ಇಬ್ಬರೂ ಭಟ್ಟಿಗೆ ಹೋಗೋ ಮನೆಗಳೇ ಜಾಸ್ತಿ. ಬೆಳಕು ಹರಿಯೋ ಮುಂಚೆ ಒಲೆ ಹೊತ್ತಿಸಬೇಕು, ಮರಳು ಕಾಯಬೇಕು. ಮಕ್ಕಳನ್ನ ಕೂರಿಸಿಕೊಂಡು ಅಲಿಫ್ ಬೇ ಹೇಳಿಕೊಡೋಕೆ ಯಾರಿಗೂ ಹೊತ್ತಿಲ್ಲ. ಹಾಗಾಗಿ ಮಗ್ರಿಬ್ (ಸಂಜೆ ನಮಾಜ್) ಆದಮೇಲೆ ಬೀದಿ ಮಕ್ಕಳೆಲ್ಲ ಹೋಗೋದು ನಾವು ಖಾಲಾ (ಚಿಕ್ಕಮ್ಮ) ಅನ್ನೋ ಒಬ್ಬ ಹಿರಿಯ ಹೆಂಗಸಿನ ಮನೆಗೆ. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ನನಗೆ ಕಾಯಿದಾ (ಅರಬಿ ಅಕ್ಷರ ಕಲಿಯೋ ಪುಸ್ತಕ) ಹಿಡಿಸಿದ್ದೂ ಅವರೇ, ಈಗ ನನ್ನ ಮಗಳು ಅವರ ಹತ್ತಿರ ಕುರಾನಿನ ಮೂರನೇ ಪಾರಾ (ಭಾಗ) ಓದ್ತಿದ್ದಾಳೆ. ಇಷ್ಟು ಕೊಡಿ ಅಂತ ಯಾವತ್ತೂ ಕೇಳಿದವರಲ್ಲ. ಕೊಡೋ ಶಕ್ತಿ ಇಲ್ಲದವರ ಮಗುವೂ ಅದೇ ಚಾಪೆ ಮೇಲೆ ಕೂರುತ್ತೆ. ಮೊದಲು ನೂರಾನಿ ಕಾಯಿದಾ, ಆಮೇಲೆ ಅಮ್ಮ ಪಾರಾ (ಕುರಾನಿನ ಕೊನೇ ಭಾಗ), ಆಮೇಲೆ ಇಡೀ ಕುರಾನ್. ಜೊತೆಗೆ ವುಜೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದು), ನಮಾಜಿನ ಕ್ರಮ, ಊಟದ ದುವಾ, ಮಲಗೋ ದುವಾ. ಪಕ್ಕದ ಮನೆಯವರು ಹಸಿದಿದ್ದರೆ ನಾವು ಹೊಟ್ಟೆ ತುಂಬ ಉಣ್ಣಬಾರದು ಅನ್ನೋದನ್ನೂ ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ.

ಈಗ ಮಸೀದಿಗೆ ಹೊಸ ಕಮಿಟಿ ಬಂದಿದೆ. ಓದಿದ ಹುಡುಗರು ಇದ್ದಾರೆ, ಒಳ್ಳೇ ಉದ್ದೇಶದವರೇ. ಮಸೀದಿಯಲ್ಲೇ ಮಕ್ತಬ್ (ಮಕ್ಕಳ ದೀನಿ ಪಾಠಶಾಲೆ) ಶುರು ಮಾಡ್ತೀವಿ, ಸನದು ಇರೋ ಆಲಿಮ್ (ದೀನ್ ಓದಿದ ವಿದ್ವಾಂಸ) ಒಬ್ಬರನ್ನ ಕರೆಸ್ತೀವಿ, ಮನೆಗಳಲ್ಲಿ ನಡೆಯೋ ಪಾಠ ಎಲ್ಲಾ ನಿಲ್ಲಬೇಕು ಅಂತ ನಿರ್ಣಯ ಮಾಡಿದ್ದಾರೆ. 'ಖಾಲಾ ಎಲ್ಲಿ ಓದಿದ್ದಾರೆ? ಯಾವ ಮದರಸಾ? ಕಾಗದ ಎಲ್ಲಿ?' ಅಂತ ಜಮಾತಿನ ಎದುರೇ ಕೇಳಿದರು. ಅವರ ಹತ್ತಿರ ಕಾಗದ ಇಲ್ಲ. ಅವರ ತಂದೆ ಕಲಿಸಿದ್ದು ಅಷ್ಟೇ.

ಬರಲಿರೋ ಹಜರತ್ ಬಿಹಾರದವರು, ಚೆನ್ನಾಗಿ ಓದಿದವರು ಅಂತ ಕೇಳಿದೀನಿ, ಅವರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಹತ್ತು ವರ್ಷ ದಾಟಿದ ಹೆಣ್ಣುಮಕ್ಕಳನ್ನ ಇಲ್ಲಿ ಎಷ್ಟೋ ಮನೆಯವರು ಮಸೀದಿಗೆ ಕಳಿಸಲ್ಲ. ಖಾಲಾ ಮನೆ ಬಾಗಿಲು ಮುಚ್ಚಿದರೆ ಆ ಹುಡುಗಿಯರ ಓದು ಅಲ್ಲಿಗೇ ನಿಂತುಹೋಗುತ್ತೆ. ಇನ್ನೊಂದು ಕಡೆ ನನಗೂ ಒಂದು ಭಯ ಇದೆ. ನಮ್ಮ ಬೀದಿಯ ಹುಡುಗನೊಬ್ಬ ಹಾಸ್ಟೆಲ್ ಮದರಸಾಗೆ ಸೇರಿದಾಗ ಅಲ್ಲಿನವರು ಅವನ ಓದು ಕೇಳಿ, ಕೆಲವು ಹರ್ಫ್ (ಅಕ್ಷರ) ತಪ್ಪಾಗಿ ಕೂತಿವೆ, ಮೊದಲಿಂದ ತಿದ್ದಬೇಕು ಅಂದರಂತೆ. ನನ್ನ ಮಗಳಿಗೂ ಹಾಗೇ ಆಗಿದ್ದರೆ?

ದೀನ್ ಕಲಿಸೋಕೆ ಸನದು ಬೇಕೇ ಬೇಕಾ? ಬೇರೆ ಊರಲ್ಲಿ ಏನು ಮಾಡ್ತೀರಿ?

ಇಮಾಮ್, ಹರಿಹರ ತಾಲ್ಲೂಕು

ವ ಅಲೈಕುಂ ಅಸ್ಸಲಾಮ್. ನಾನು ಬೆಂಗಳೂರಿನಲ್ಲಿ ಆಲಿಮ್ ಕೋರ್ಸ್ ಮುಗಿಸಿ, ಈಗ ಒಂದು ಹಳ್ಳಿ ಮಸೀದಿಯಲ್ಲಿ ಇಮಾಮತ್ ಮಾಡ್ತಿದ್ದೇನೆ. ಕಮಿಟಿಯವರು ಜಮಾತಿನ ಎದುರು ಕೇಳಿದ ರೀತಿ ಸರಿಯಲ್ಲ. ಆದರೆ ಅವರ ಆತಂಕ ಸುಳ್ಳಲ್ಲ, ಅದನ್ನ ಹಗುರವಾಗಿ ತಗೋಬೇಡಿ.

ಅಬೂ ದಾವೂದ್ ಸಂಗ್ರಹದಲ್ಲಿ ಜಾಬಿರ್ (ರ) ಅವರಿಂದ ಬಂದ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಿದ್ದು ಗಾಯ ಆಗಿತ್ತು. ಅವರಿಗೆ ಗುಸುಲ್ (ಶುದ್ಧಿಯ ಸ್ನಾನ) ಮಾಡಬೇಕಾಗಿ ಬಂತು. ತಯಮ್ಮುಮ್ (ನೀರಿನ ಬದಲು ಮಣ್ಣಿನಿಂದ ಶುದ್ಧಿ) ಮಾಡಬಹುದಾ ಅಂತ ಜೊತೆಯವರನ್ನ ಕೇಳಿದರು. 'ನೀರು ಇದೆಯಲ್ಲ, ನಿನಗೆ ಅವಕಾಶ ಇಲ್ಲ' ಅಂದುಬಿಟ್ಟರು. ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ (ಸ) ಸಿಟ್ಟಾಗಿ, ಅವರೇ ಅವನನ್ನ ಕೊಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದರು. ತಪ್ಪು ಹೇಳಿದವರು ಕೆಟ್ಟವರಾಗಿರಲಿಲ್ಲ. ಒಳ್ಳೆಯವರೇ, ಸಹಾಯ ಮಾಡಲು ಹೋದವರೇ.

ಇದು ಹಳೇ ಕಾಲದ ಕತೆ ಅಂತ ಬಿಡೋ ಹಾಗಿಲ್ಲ. ನನಗೆ ಗೊತ್ತಿರೋ ಒಂದು ಹಳ್ಳಿಯಲ್ಲಿ ಗಂಡ ತೀರಿಕೊಂಡ ಹೆಣ್ಣುಮಗಳಿಗೆ, 'ಗಂಡುಮಕ್ಕಳು ಇದ್ದಾರಲ್ಲ, ನಿನಗೆ ಪಾಲು ಬರಲ್ಲ' ಅಂತ ಹೇಳಿದ್ದರು. ಹೇಳಿದವರು ಚೆನ್ನಾಗಿ ಬಯಾನ್ ಮಾಡ್ತಾರೆ, ನಾಲ್ಕು ಜನ ಕೂತು ಕೇಳ್ತಾರೆ. ಆದರೆ ಯಾವ ಉಸ್ತಾದರ ಎದುರೂ ಕೂತು ಓದಿದವರಲ್ಲ. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಪಾಲು ಅಂತ ಸೂರಾ ನಿಸಾದ 12ನೇ ಆಯತ್‌ನಲ್ಲಿ ನೇರವಾಗಿ ಇದೆ. ಆ ಹೆಣ್ಣುಮಗಳು ಸುಮ್ಮನೆ ತವರಿಗೆ ಹೋಗಿಬಿಟ್ಟರು. ಅದನ್ನ ಸರಿಪಡಿಸೋ ಹೊತ್ತಿಗೆ ಜಮೀನು ಹಂಚಿಕೆ ಮುಗಿದು, ಅದರಲ್ಲಿ ಒಂದು ತುಂಡು ಕೈಬದಲಾಗಿತ್ತು.

ಆಲಿಮ್ ಆಗೋರು ಓದೋ ದರ್ಸೆ ನಿಜಾಮಿ ಅಂದರೆ 18ನೇ ಶತಮಾನದಲ್ಲಿ ಲಖನೌದ ಫಿರಂಗಿ ಮಹಲ್‌ನ ಮುಲ್ಲಾ ನಿಜಾಮುದ್ದೀನ್ ಅವರ ಹೆಸರಲ್ಲಿ ಬಂದ ಪಠ್ಯಕ್ರಮ. 1866ರಲ್ಲಿ ದೇವಬಂದ್ ದಾರುಲ್ ಉಲೂಮ್ ಶುರುವಾದ ಮೇಲೆ ಅಲ್ಲೂ ಇದೇ ನೆಲೆಯಾಯ್ತು. ಸರ್ಫ್, ನಹ್ವ್ ಅಂದರೆ ಅರಬಿ ವ್ಯಾಕರಣ, ಫಿಕ್ಹ್ (ದೀನಿನ ಕಾನೂನು), ತಫ್ಸೀರ್ (ಕುರಾನ್ ವ್ಯಾಖ್ಯಾನ), ಕೊನೇ ವರ್ಷ ದೌರೆ ಹದೀಸ್‌ನಲ್ಲಿ ಬುಖಾರಿ, ಮುಸ್ಲಿಂ ಸೇರಿ ಆರು ಹದೀಸ್ ಸಂಗ್ರಹಗಳು. ಸುಮಾರು 8 ವರ್ಷ ಹಿಡಿಯುತ್ತೆ. ಮುಫ್ತಿ ಆಗಬೇಕಾದರೆ ಇದಾದ ಮೇಲೆ ಮತ್ತೆ ಇಫ್ತಾ (ಫತ್ವಾ ಕೊಡೋದರ ಓದು) ಓದಬೇಕು. ಇಷ್ಟು ಓದಿದವನೇ ತಡವರಿಸುತ್ತಾನೆ.

ಫಿಕ್ಹ್‌ನ ದೊಡ್ಡ ವಿದ್ವಾಂಸ ಇಮಾಮ್ ಅಬೂ ಹನೀಫಾ ಇರಾಕಿನ ಕೂಫಾದಲ್ಲಿ ರೇಷ್ಮೆ ಬಟ್ಟೆ ವ್ಯಾಪಾರಿ. ಗುರು ಹಮ್ಮಾದ್ ಬಳಿ ಹತ್ತು ವರ್ಷ ಓದಿದ ಮೇಲೆ, ತಾನೇ ಒಂದು ಹಲ್ಕಾ (ಪಾಠದ ಕೂಟ) ಶುರು ಮಾಡಬೇಕು ಅನ್ನೋ ಆಸೆ ಹುಟ್ಟಿತು. ಅಷ್ಟರಲ್ಲಿ ಗುರುಗಳು ಬಸ್ರಾಗೆ ಹೋಗಬೇಕಾಗಿ ಬಂದು ಇವರನ್ನೇ ತಮ್ಮ ಜಾಗದಲ್ಲಿ ಕೂರಿಸಿದರು. ಎರಡು ತಿಂಗಳಲ್ಲಿ ಹೊಸದಾಗಿ ಬಂದ 60 ಪ್ರಶ್ನೆಗಳಿಗೆ ಇವರು ಉತ್ತರ ಕೊಟ್ಟು, ಬರೆದಿಟ್ಟುಕೊಂಡು, ಗುರುಗಳು ವಾಪಸ್ ಬಂದಾಗ ತೋರಿಸಿದರು. 40ಕ್ಕೆ ಒಪ್ಪಿದರು, 20ಕ್ಕೆ ಒಪ್ಪಲಿಲ್ಲ. ಅವತ್ತಿಂದ ಗುರುಗಳು ತೀರಿಕೊಳ್ಳೋವರೆಗೂ ಅಬೂ ಹನೀಫಾ ಅವರ ಪಕ್ಕ ಬಿಡಲಿಲ್ಲ. ಒಟ್ಟು 18 ವರ್ಷ.

'ಈ ಇಲ್ಮ್ (ಜ್ಞಾನ) ಅಂದರೆ ದೀನ್. ನಿಮ್ಮ ದೀನನ್ನು ಯಾರಿಂದ ಪಡೆಯುತ್ತಿದ್ದೀರಿ ಎಂದು ನೋಡಿಕೊಳ್ಳಿ' ಅಂತ ಹಳೇ ಕಾಲದ ವಿದ್ವಾಂಸ ಇಬ್ನ್ ಸೀರೀನ್ ಹೇಳಿದ ಮಾತನ್ನ ಇಮಾಮ್ ಮುಸ್ಲಿಂ ತಮ್ಮ ಹದೀಸ್ ಸಂಗ್ರಹದ ಮುನ್ನುಡಿಯಲ್ಲೇ ಇಟ್ಟಿದ್ದಾರೆ. ಖಾಲಾ ಅವರ ನಿಯ್ಯತ್ (ಉದ್ದೇಶ) ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ನಿಯ್ಯತ್ ಒಂದೇ ಸಾಲದು.

ವಕೀಲ, ಪಿ.ಜೆ. ಬಡಾವಣೆ

ಕಾನೂನಿನ ಕಡೆಯಿಂದ ಒಂದು ಮಾತು, ಯಾಕಂದ್ರೆ ಇಂಥ ಜಗಳದಲ್ಲಿ 'ಸರ್ಕಾರದ ಮಾನ್ಯತೆ ಇಲ್ಲ' ಅನ್ನೋ ಮಾತು ಬಂದೇ ಬರುತ್ತೆ. ಮನೆಯಲ್ಲಿ ಕೂತು ಬೀದಿ ಮಕ್ಕಳಿಗೆ ಕುರಾನ್ ಓದೋದು ಕಲಿಸೋಕೆ ಸರ್ಕಾರದ ಪ್ರಮಾಣಪತ್ರ ಬೇಕಿಲ್ಲ. ಉತ್ತರ ಪ್ರದೇಶದಲ್ಲಿ 2004ರ ಮದರಸಾ ಮಂಡಳಿ ಕಾಯ್ದೆ ಇದೆ, ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಆ ಕಾಯ್ದೆಯನ್ನ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಮಂಡಳಿ ಕೊಡ್ತಿದ್ದ ಕಾಮಿಲ್, ಫಾಜಿಲ್ ಪದವಿಗಳ ಭಾಗವನ್ನ ಮಾತ್ರ ಒಪ್ಪಲಿಲ್ಲ, ಪದವಿ ಕೊಡೋದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ ವ್ಯಾಪ್ತಿ ಅಂತ ಹೇಳಿತು.

ಆಲಿಮ್ ಸನದು ಅನ್ನೋದು ಸಮುದಾಯ ತನ್ನೊಳಗೆ ನಂಬಿಕೆ ಮೇಲೆ ಒಪ್ಪಿಕೊಂಡು ಬಂದಿರೋದು. ಅದರ ಬೆಲೆ ಎಷ್ಟು ಅಂತ ತೀರ್ಮಾನಿಸಬೇಕಾದವರೂ ನೀವೇ. ಕಮಿಟಿಗೆ ಮಸೀದಿಯೊಳಗೆ ಯಾರು ಕಲಿಸಬೇಕು ಅಂತ ಹೇಳೋ ಅಧಿಕಾರ ಇದೆ. ಖಾಲಾ ಮನೆ ಪಡಸಾಲೆ ಮೇಲೆ ಇಲ್ಲ.

ನದಾಫರ ಮಗಳು, ಚಿತ್ರದುರ್ಗ

ಇಮಾಮ್ ಸಾಹೇಬರು ಬರೆದದ್ದನ್ನ ಎರಡು ಸಲ ಓದಿದೆ. ಆ ವಿಧವೆಯ ಪಾಲಿನ ವಿಷಯ ಓದಿ ಹೊಟ್ಟೆ ಉರಿಯಿತು. ಆದರೂ ನನ್ನ ಕಡೆಯದ್ದೂ ಸ್ವಲ್ಪ ಕೇಳಿ, ಯಾಕಂದ್ರೆ ನಾನೂ ಕಾಗದ ಇಲ್ಲದೆ ಕಲಿಸೋಳು.

ನಮ್ಮದು ಚಳ್ಳಕೆರೆ ಕಡೆ ಹಳ್ಳಿ. ಪಿಂಜಾರರು, ನದಾಫರು ಅಂತೀರಲ್ಲ, ಹತ್ತಿ ಹಿಂಜಿ ಗಾದಿ ಹೊಲಿಯೋ ಮನೆತನ. ನಮ್ಮ ಮನೆ ಮಾತು ಕನ್ನಡ. ಉರ್ದು ನಮಗೆ ಪೇಟೆಗೆ ಹೋದಾಗ ಕಿವಿಗೆ ಬೀಳೋ ಭಾಷೆ. ಊರಲ್ಲಿ ನಮ್ಮವರ ಮನೆ ಬೆರಳೆಣಿಕೆ, ಮಸೀದಿ ಇರಲಿಲ್ಲ, ಜುಮ್ಮಾಗೆ ಗಂಡಸರು ಚಳ್ಳಕೆರೆಗೆ ಹೋಗೋರು. ನಮಗೆ ಅಲ್‌ಹಮ್ದು ಸೂರಾ, ಕುಲ್ ಸೂರಾಗಳು ಬಂದದ್ದು ಅಜ್ಜಿ ಬಾಯಿಂದ. ಅಜ್ಜಿ ಹತ್ತಿ ಬೀಜ ಬಿಡಿಸ್ತಾ ಹೇಳೋಳು, ನಾವು ಹಿಂದೆ ಹೇಳೋದು. ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ, ಅರಬಿಯೂ ಇಲ್ಲ ಕನ್ನಡವೂ ಇಲ್ಲ. ಇವತ್ತು ನಮ್ಮ ಆ ಊರಲ್ಲಿ ನಮಾಜ್ ಉಳಿದಿದ್ದರೆ ಅಂಥ ಅಜ್ಜಿಯರಿಂದ ಉಳಿದಿದೆ. ಆ ದಿನಗಳಲ್ಲಿ ಸನದು ಕೇಳಿದ್ದರೆ ನಮಗೆ ಯಾರೂ ಸಿಗ್ತಿರಲಿಲ್ಲ.

ಆಮೇಲೆ ಪುಟ್ಟ ಮಸೀದಿ ಆಯ್ತು. ಉತ್ತರದಿಂದ ಒಬ್ಬ ಹಾಫಿಜ್ (ಕುರಾನ್ ಕಂಠಪಾಠ ಇರೋರು) ಬಂದರು. ತರಾವೀಹ್‌ನಲ್ಲಿ (ರಂಜಾನಿನ ರಾತ್ರಿ ನಮಾಜ್) ಅವರ ಓದು ಕೇಳಿದರೆ ಮೈ ಜುಂ ಅನ್ನೋದು, ಅಷ್ಟು ಚೆಂದ. ಆದರೆ ಮಕ್ಕಳಿಗೆ ಅವರು 'ಯೇ ಹರ್ಫ್ ಹಲಕ್ ಸೇ ನಿಕಾಲೋ' (ಈ ಅಕ್ಷರ ಗಂಟಲಿಂದ ಹೊರಡಿಸು) ಅಂದರೆ ಮಕ್ಕಳು ಮಿಕಮಿಕ ನೋಡೋವು. ವುಜೂ ಯಾವಾಗ ಮುರಿಯುತ್ತೆ ಅಂತ ಕೇಳೋಕೆ ಹುಡುಗಿಯರಿಗೆ ಭಾಷೆಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಪಾಪ ಅವರಿಗೂ ನಮ್ಮ ಊಟ, ನಮ್ಮ ಬಿಸಿಲು, ಕೊಡ್ತಿದ್ದ ಸಂಬಳ ಯಾವುದೂ ಸರಿಹೋಗಲಿಲ್ಲ. ಹೋದರು. ಇನ್ನೊಬ್ಬರು ಬಂದರು, ಅವರೂ ಹೋದರು. ಹಳ್ಳಿ ಮಸೀದಿಗಳಲ್ಲಿ ಇಮಾಮರು ನಿಲ್ಲದಿರೋದಕ್ಕೆ ಕಾರಣ ಎಲ್ಲರಿಗೂ ಗೊತ್ತು. 2025ರ ಬಜೆಟ್‌ನಲ್ಲಿ ಗೌರವಧನ ಏರಿಸಿದ ಮೇಲೂ ಪೇಶ್ ಇಮಾಮರಿಗೆ ತಿಂಗಳಿಗೆ 6,000, ಮುಅಜ್ಜಿನರಿಗೆ 5,000. ಎಂಟು ವರ್ಷ ಓದಿ ಬಂದವರನ್ನ ಇಷ್ಟರಲ್ಲಿ ಸಂಸಾರ ಮಾಡಿ ಅಂತ ಹೇಗೆ ಹೇಳ್ತೀರಿ? ಸನದು ಬೇಕು ಅನ್ನೋ ಕಮಿಟಿ ಮೊದಲು ಆ ಸನದಿಗೆ ತಕ್ಕ ಸಂಬಳ ಎಷ್ಟು ಇಟ್ಟಿದೆ ಅಂತ ಕೇಳಿ.

ನಾನು ಸರಿಯಾಗಿ ಓದಿದ್ದು ಮದುವೆಯಾಗಿ ದುರ್ಗಕ್ಕೆ ಬಂದಮೇಲೆ. ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ಹಾಫಿಜಾ ಇದ್ದರು, ಅವರು ನನ್ನನ್ನ ಅಲಿಫ್‌ನಿಂದ ಶುರು ಮಾಡಿಸಿದರು. ಸೂರಾಗಳು ನನಗೆ ಬಾಯಿಪಾಠ, ಆದರೆ ಅಜ್ಜಿಯ ಕನ್ನಡ ನಾಲಿಗೆಯಲ್ಲಿ ಬಂದವು. 'ಅಲ್‌ಹಮ್ದು' ಅನ್ನುವಾಗ ನನ್ನ 'ಹ' ಎದೆಯಿಂದ ಬರ್ತಿತ್ತು. ಅವರು ಎರಡು ಬೆರಳನ್ನ ನನ್ನ ಗಂಟಲಿನ ನಡುವೆ ಇಟ್ಟು, ಇಲ್ಲಿಂದ, ಇಲ್ಲಿ ಸ್ವಲ್ಪ ಬಿಗಿ ಮಾಡಿ ಗಾಳಿ ಬಿಡು ಅನ್ನೋರು. ಬೆರಳಿಗೆ ಅದು ತಾಗೋವರೆಗೂ ಮುಂದಿನ ಪದಕ್ಕೆ ಬಿಡ್ತಿರಲಿಲ್ಲ. ದಿನಕ್ಕೆ ಒಂದು ರುಕೂ (ಕೆಲವು ಆಯತ್‌ಗಳ ಭಾಗ), ಕೆಲವು ದಿನ ಅರ್ಧ ಪುಟ. ಇಡೀ ಕುರಾನನ್ನ ಅವರು ಹೀಗೆ ಕೂತು ನನ್ನ ಬಾಯಿಂದ ಕೇಳಿದರು. ಮುಗಿದ ದಿನ, ಇನ್ನು ನೀನು ಕಲಿಸು, ತಪ್ಪು ಕೇಳಿದರೆ ಬಿಡಬೇಡ ಅಂದರು. ಅವರಿಗೆ ಅವರ ಉಸ್ತಾದರು ಹಾಗೇ ಹೇಳಿದ್ದರಂತೆ. ನನ್ನ ಹತ್ತಿರ ಇರೋದು ಅಷ್ಟೇ, ಮುದ್ರೆ ಹಾಕಿದ ಕಾಗದ ಅಲ್ಲ. ಆದರೆ ಬಲ್ಲವರು ಒಬ್ಬರು ನನ್ನ ಓದನ್ನ ಮೊದಲಿಂದ ಕೊನೆವರೆಗೆ ಕೇಳಿದ್ದಾರೆ. ಸನದು ಅನ್ನೋದರ ಒಳಗೆ ಇರಬೇಕಾದದ್ದು ಇದೇ ತಾನೇ? ಇದು ಇಲ್ಲದೆ ಬರೀ ಕಾಗದ ಇದ್ದರೆ ಅದು ಯಾತಕ್ಕೆ?

ಇಮಾಮ್ ಸಾಹೇಬರು ಇಬ್ನ್ ಸೀರೀನ್ ಹೆಸರು ಹೇಳಿದ್ದು ನನಗೆ ಸಂತೋಷ ಆಯ್ತು, ಯಾಕಂದ್ರೆ ನಾನು ಹುಡುಗಿಯರಿಗೆ ಕಲಿಸೋ ಒಂದು ವಿಷಯ ಅವರ ಮೂಲಕವೇ ಬಂದದ್ದು. ಮಯ್ಯತ್‌ಗೆ, ಅಂದರೆ ತೀರಿಕೊಂಡವರಿಗೆ, ಗುಸುಲ್ ಕೊಡೋದು.

ನಮ್ಮ ಹಳ್ಳಿಗಳಲ್ಲಿ ಹೆಂಗಸು ತೀರಿಕೊಂಡರೆ ಗುಸುಲ್ ಕೊಡೋಕೆ ಬರೋ ಹೆಂಗಸರೇ ಕಡಿಮೆ. ಯಾವ ಇಮಾಮರೂ ಆ ಕೋಣೆಯೊಳಗೆ ಬರೋ ಹಾಗಿಲ್ಲ. ರಾತ್ರಿ ಹೊತ್ತು ಪಕ್ಕದ ಹಳ್ಳಿಯಿಂದ ಬೈಕಿನಲ್ಲಿ ಬಂದು ನನ್ನನ್ನ ಕರೆದುಕೊಂಡು ಹೋಗಿದ್ದಾರೆ, ಮನೆ ತುಂಬ ಹೆಂಗಸರು ಅಳ್ತಾ ಕೂತಿರೋರು, ಮುಟ್ಟೋಕೆ ಒಬ್ಬರಿಗೂ ಗೊತ್ತಿರೋದಿಲ್ಲ. ಹಾಗಾಗಿ ನಾನು ದೊಡ್ಡ ಹುಡುಗಿಯರಿಗೆ ಇದನ್ನ ಕಲಿಸ್ತೀನಿ. ಗಾದಿ ಸುತ್ತಿ ಹಗ್ಗ ಕಟ್ಟಿ ಆಳುದ್ದ ಮಾಡಿ ಹಲಗೆ ಮೇಲೆ ಮಲಗಿಸ್ತೀನಿ. ಮೇಲೆ ಬಟ್ಟೆ ಹೊದಿಸಬೇಕು, ಅದರ ಅಡಿಯಲ್ಲೇ ಕೈ ಹೋಗಬೇಕು, ಕೈಗೆ ಬಟ್ಟೆ ಚೀಲ ಕಟ್ಟಿಕೊಂಡಿರಬೇಕು, ಸತ್ತವರ ಮಾನ ಬದುಕಿದ್ದವರ ಮಾನದಷ್ಟೇ. ಮೊದಲು ವುಜೂವಿನ ಅಂಗಗಳು, ಆಮೇಲೆ ಬಲಗಡೆ, ಆಮೇಲೆ ಎಡ. ಎಲಚಿ ಎಲೆ ಹಾಕಿ ಕಾಯಿಸಿದ ನೀರು, ನಮ್ಮ ಕಡೆ ಎಲಚಿ ಗಿಡಕ್ಕೆ ಬರ ಇಲ್ಲ. ಕೊನೇ ನೀರಿಗೆ ಕರ್ಪೂರ. ತೊಳೆಯೋದು ಬೆಸ ಸಂಖ್ಯೆಯಲ್ಲಿ, ಮೂರು, ಬೇಕಾದರೆ ಐದು. ಹೆಂಗಸಿಗೆ ಕಫನ್‌ನಲ್ಲಿ (ಶವಕ್ಕೆ ಸುತ್ತೋ ಬಟ್ಟೆ) ಐದು ಬಟ್ಟೆ, ಯಾವುದರ ಮೇಲೆ ಯಾವುದು ಅಂತ ಹುಡುಗಿಯರು ಕಣ್ಣುಮುಚ್ಚಿ ಹೇಳ್ತಾರೆ.

ಇದನ್ನ ಪ್ರವಾದಿಯವರು (ಸ) ಕಲಿಸಿದ್ದು ತಮ್ಮ ಮಗಳು ತೀರಿಕೊಂಡಾಗ, ಗುಸುಲ್ ಕೊಡ್ತಿದ್ದ ಹೆಂಗಸರಿಗೆ. ಅವರಲ್ಲಿ ಒಬ್ಬರು ಉಮ್ಮು ಅತಿಯ್ಯಾ (ರ), ಮದೀನಾದ ಅನ್ಸಾರಿ ಹೆಣ್ಣುಮಗಳು. ಅವರು ಆಮೇಲೆ ಬಸ್ರಾಗೆ ಹೋದಾಗ ಅಲ್ಲಿನ ವಿದ್ವಾಂಸರು ಇದನ್ನ ಅವರಿಂದಲೇ ಕಲಿತರು. ಬುಖಾರಿಯಲ್ಲಿ ಈ ಹದೀಸ್ ಇಬ್ನ್ ಸೀರೀನ್ ಮತ್ತು ಅವರ ಸಹೋದರಿ ಹಫ್ಸಾ, ಇಬ್ಬರ ಮೂಲಕ ಉಮ್ಮು ಅತಿಯ್ಯಾ ಅವರಿಂದ ಬರುತ್ತೆ. ಯಾರಿಂದ ದೀನ್ ಪಡೀತೀರಿ ನೋಡಿಕೊಳ್ಳಿ ಅಂದವರು, ತಾವು ನೋಡಿ, ಒಬ್ಬ ಹೆಂಗಸಿನ ಎದುರು ಕೂತರು. ಆಕೆ ಸ್ವಂತ ಕೈಯಿಂದ ಮಾಡಿದ್ದಳು, ಪ್ರವಾದಿಯವರ ಬಾಯಿಂದ ಕೇಳಿದ್ದಳು, ಆಕೆಯ ಮಾತು ನಿಜ ಅಂತ ಜನರಿಗೆ ಗೊತ್ತಿತ್ತು. ಅವರು ನೋಡಿದ್ದು ಅದನ್ನ.

ಇನ್ನು ತಲಾಕ್, ಆಸ್ತಿ ಪಾಲು, ಬಡ್ಡಿ, ಯಾರ ನಿಕಾಹ್ ಆಗುತ್ತೆ ಯಾರದ್ದು ಆಗಲ್ಲ, ಇವಕ್ಕೆ ನನ್ನ ಬಾಯಿಂದ ಒಂದು ಮಾತೂ ಬರಲ್ಲ. ಎಷ್ಟು ಹೆಂಗಸರು ಕಣ್ಣೀರು ಹಾಕಿಕೊಂಡು ಕೇಳಿದ್ದಾರೆ, 'ನೀನೇ ಹೇಳು ಆಪಾ' ಅಂತ. ಹೇಳಲ್ಲ. ಮುಫ್ತಿ ಸಾಹೇಬರಿಗೆ ಫೋನ್ ಮಾಡಿಸ್ತೀನಿ, ಬೇಕಾದರೆ ಜೊತೆಗೆ ಹೋಗಿ ಕೂರ್ತೀನಿ, ಉರ್ದುವಿನಲ್ಲಿ ಹೇಳಿದ್ದನ್ನ ಕನ್ನಡದಲ್ಲಿ ಹೇಳ್ತೀನಿ. ಇಲ್ಲಿ ಇಮಾಮ್ ಸಾಹೇಬರ ಮಾತೇ ಕೊನೆಯದು, ಸನದು ಇಲ್ಲದವರು ಮಸಲಾ (ದೀನಿನ ಕಾನೂನಿನ ಉತ್ತರ) ಹೇಳೋದು ಜುಲುಮ್. ಆದರೆ ಮಸಲಾ ಹೇಳೋದು ಬೇರೆ, ಆರು ವರ್ಷದ ಮಗುವಿನ ಬೆರಳು ಹಿಡಿದು ಅಲಿಫ್ ಮೇಲೆ ಇಡೋದು ಬೇರೆ. ಎರಡಕ್ಕೂ ಒಂದೇ ಕಾಗದ ಕೇಳಿದರೆ ಹಳ್ಳಿಗಳಲ್ಲಿ, ಭಟ್ಟಿಗಳಲ್ಲಿ ಎರಡನೆಯದು ನಿಂತುಹೋಗುತ್ತೆ.

ನಿಮ್ಮ ಖಾಲಾ ವಿಷಯಕ್ಕೆ ಬರ್ತೀನಿ. ಒಂದೇ ಮಾತು ಕೇಳಿ ನೋಡಿ, ನಿಮ್ಮ ಓದನ್ನ ಕೊನೇ ಸಲ ಯಾರು ಕೇಳಿದರು ಅಂತ. ತಂದೆ ಕಲಿಸಿದ್ದು ಐವತ್ತು ಅರವತ್ತು ವರ್ಷದ ಹಿಂದೆ. ಅಷ್ಟು ವರ್ಷ ಒಬ್ಬರೇ ಓದ್ತಾ ಇದ್ದರೆ ಎಂಥವರ ನಾಲಿಗೆಯೂ ಸ್ವಲ್ಪ ಜಾರುತ್ತೆ. ತಜ್ವೀದ್ (ಕುರಾನ್ ಉಚ್ಚಾರಣೆಯ ನಿಯಮ) ಓದಿದ ಹೆಣ್ಣುಮಗಳು ಒಬ್ಬಳು ಹೋಗಿ ಅವರ ಪಕ್ಕ ಕೂರಲಿ. ಪರೀಕ್ಷೆ ಅಂತ ಅಲ್ಲ. ಖಾಲಾ ಓದಲಿ, ಅವಳು ಕೇಳಲಿ, ಅವಳು ಓದಲಿ, ಖಾಲಾ ಕೇಳಲಿ. ಆ ವಯಸ್ಸಿನವರನ್ನ ಜಮಾತಿನ ಎದುರು ಕಾಗದ ಎಲ್ಲಿ ಅಂತ ಕೇಳಿದ್ದು ನನಗೆ ಓದಿದಾಗಿಂದ ಮನಸ್ಸಲ್ಲಿ ಕೊರೀತಾ ಇದೆ. ಅವರ ಮನೆಗೆ ಹೋಗಿ ಮಾಫಿ ಕೇಳದೆ ಕಮಿಟಿಯವರು ಮಕ್ತಬ್ ಶುರು ಮಾಡಬಾರದು.

ಆಜಾದ್ ನಗರದ ತಾಯಿ

ನನ್ನ ಮಗ ಸನದು ಇರೋರ ಹತ್ತಿರವೇ ಓದಿದ. ಬೆತ್ತದಲ್ಲಿ ಹೊಡೆದು ಹೊಡೆದು, ಕಾಯಿದಾ ನೋಡಿದರೆ ಹೊಟ್ಟೆನೋವು ಅಂತ ಅಳೋ ಹಾಗೆ ಮಾಡಿದ್ದರು. ಬಿಡಿಸಿ ಒಬ್ಬ ಆಪಾ ಹತ್ತಿರ ಹಾಕಿದೆ, ಈಗ ತಾನಾಗೇ ಓಡಿಹೋಗ್ತಾನೆ. ಎಲ್ಲ ಹಜರತ್‌ಗಳೂ ಹಾಗೆ ಅಂತ ನಾನು ಹೇಳಲ್ಲ, ನಮ್ಮ ಅಣ್ಣನೂ ಆಲಿಮ್. ಆದರೆ ಮಕ್ಕಳನ್ನ ಹೇಗೆ ನೋಡಿಕೊಳ್ತಾರೆ ಅನ್ನೋದು ಯಾವ ಸನದಿನಲ್ಲೂ ಬರೆದಿರಲ್ಲ. ಬಾಗಿಲು ತೆರೆದಿರುತ್ತಾ, ಮನೆಯವರು ಯಾವಾಗ ಬೇಕಾದರೂ ಹೋಗಿ ನೋಡಬಹುದಾ, ಮಗು ಬಂದು ಏನು ಹೇಳುತ್ತೆ, ನಾನು ಮೊದಲು ನೋಡೋದು ಇದನ್ನ. ಮನೆ ಪಾಠಕ್ಕೂ ಇದೇ, ಮಸೀದಿ ಮಕ್ತಬ್‌ಗೂ ಇದೇ.

ಇಮಾಮ್, ಹರಿಹರ ತಾಲ್ಲೂಕು

ತಂಗಿ ಹೇಳಿದ್ದು ಸರಿ. ನನ್ನ ಎಂಟು ವರ್ಷದ ಓದಿನಲ್ಲಿ ಚಿಕ್ಕ ಮಗುವಿಗೆ ಹೇಗೆ ಕಲಿಸಬೇಕು ಅನ್ನೋದಕ್ಕೆ ಒಂದು ಪಾಠವೂ ಇರಲಿಲ್ಲ. ಉಸ್ತಾದರು ನಮಗೆ ಮಾಡಿದ ಹಾಗೆ ನಾವು ಮಕ್ಕಳಿಗೆ ಮಾಡ್ತೀವಿ, ಒಳ್ಳೇದೂ ಹಾಗೇ ಬರುತ್ತೆ, ಬೆತ್ತವೂ ಹಾಗೇ ಬರುತ್ತೆ. ಇದು ಮದರಸಾಗಳಲ್ಲಿ ಬದಲಾಗಬೇಕು.

ಚಿತ್ರದುರ್ಗದ ಸಹೋದರಿಯ ಉತ್ತರಕ್ಕೆ ನಾನು ಒಂದು ಸೇರಿಸ್ತೀನಿ. ಬುಖಾರಿಯ ಪಾಠವನ್ನ ಮುಂದಿನ ತಲೆಮಾರಿಗೆ ದಾಟಿಸಿದವರಲ್ಲಿ ಕರೀಮಾ ಅಲ್ ಮರ್ವಜಿಯ್ಯಾ ಅಂತ ಒಬ್ಬ ಮಹಿಳೆ ಇದ್ದಾರೆ, 11ನೇ ಶತಮಾನದಲ್ಲಿ ಮಕ್ಕಾದಲ್ಲಿ ಕಲಿಸ್ತಿದ್ದರು. ಬಗ್ದಾದಿನ ದೊಡ್ಡ ಮುಹದ್ದಿಸ್ (ಹದೀಸ್ ವಿದ್ವಾಂಸ) ಖತೀಬ್ ಅಲ್ ಬಗ್ದಾದಿ ಹಜ್‌ಗೆ ಹೋದಾಗ ಆಕೆಯ ಎದುರು ಕೂತು ಇಡೀ ಬುಖಾರಿ ಓದಿದರು. ಹೆಣ್ಣುಮಕ್ಕಳ ಓದಿಗೆ ಹೆಂಗಸರೇ ಕಲಿಸೋದು ನಮ್ಮ ದೀನ್‌ಗೆ ಹೊಸದಲ್ಲ.

ಹೆಸರಿನ ಮುಂದೆ ಕಾಸಿಮಿ, ನದ್ವಿ, ರಶಾದಿ, ಬಾಖವಿ, ಉಮ್ರಿ ಅಂತ ಇದ್ದರೆ ಅದು ಎಲ್ಲಿ ಓದಿದ್ದಾರೆ ಅಂತ ಹೇಳುತ್ತೆ. ದೇವಬಂದ್, ಲಖನೌ, ಬೆಂಗಳೂರು, ವೆಲ್ಲೂರು, ಉಮರಾಬಾದ್. ಹೇಗೆ ಓದಿದ್ದಾರೆ ಅಂತ ಹೇಳಲ್ಲ. ಅದಕ್ಕೆ ಕಮಿಟಿಯವರು ಅವರ ಉಸ್ತಾದರಿಗೆ ಒಂದು ಫೋನ್ ಮಾಡಿ ಕೇಳಬೇಕು, ಹಿಂದೆ ಕೆಲಸ ಮಾಡಿದ ಮಸೀದಿಯಲ್ಲಿ ವಿಚಾರಿಸಬೇಕು. ಅಷ್ಟನ್ನೂ ಮಾಡದೆ ಕಾಗದ ಮಾತ್ರ ನೋಡಿ ಕೆಲಸಕ್ಕೆ ಇಟ್ಟುಕೊಳ್ಳೋರೇ ಜಾಸ್ತಿ. ಹಾಗೆಯೇ ಒಬ್ಬ ಹಾಫಿಜ್‌ಗೆ ಕುರಾನ್ ಕಂಠಪಾಠ ಇದೆ ಅಂದಮಾತ್ರಕ್ಕೆ ಅವರು ಮಸಲಾ ಓದಿದ್ದಾರೆ ಅಂತ ಅಲ್ಲ. ಜನ ಇದನ್ನ ಕಲಸಿಬಿಡ್ತಾರೆ. ಹಾಫಿಜ್‌ರನ್ನ ಹಿಡಿದು ತಲಾಕ್ ಕೇಳ್ತಾರೆ, ಸಂಕೋಚಕ್ಕೆ ಅವರು ಏನೋ ಹೇಳಿಬಿಡ್ತಾರೆ.

ನನ್ನ ಮನೆಯವರು ಆಲಿಮಾ, ತಜ್ವೀದ್ ಚೆನ್ನಾಗಿ ಓದಿದ್ದಾರೆ. ಪ್ರಶ್ನೆ ಕೇಳಿದ ಸಹೋದರರು ಒಪ್ಪಿದರೆ ಭಾನುವಾರ ಅಸರ್ ನಂತರ ಅವರನ್ನ ದಾವಣಗೆರೆಗೆ ಕರೆದುಕೊಂಡು ಬರ್ತೀನಿ. ಖಾಲಾ ಜೊತೆ ಕೂತು ಓದಲಿ. ತಿದ್ದೋದು ಇದ್ದರೆ ಇಬ್ಬರೇ ಇದ್ದಾಗ ತಿದ್ದಲಿ.

ಮಂಡಕ್ಕಿ ಭಟ್ಟಿ, ದಾವಣಗೆರೆ

ಜಜಾಕಲ್ಲಾಹ್ ಖೈರ್, ಎಲ್ಲರಿಗೂ. ನಿನ್ನೆ ರಾತ್ರಿ ಖಾಲಾ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಬ್ಬಾ ಹೋದಮೇಲೆ ನನ್ನ ಓದು ಯಾರೂ ಕೇಳಿಲ್ಲ, ಕರೆದುಕೊಂಡು ಬಾ' ಅಂದರು. ಹಾಗಾಗಿ ಇಮಾಮ್ ಸಾಹೇಬರೇ, ಭಾನುವಾರ ಖಂಡಿತ ಬನ್ನಿ, ಊಟ ನಮ್ಮ ಮನೆಯಲ್ಲಿ.

ಮುತವಲ್ಲಿಯವರ (ಮಸೀದಿಯ ಆಡಳಿತ ನೋಡೋರು) ಹತ್ತಿರವೂ ಮಾತಾಡಿದೆ. ಗಂಡುಹುಡುಗರಿಗೆ ಮಸೀದಿಯಲ್ಲಿ ಮಕ್ತಬ್, ಹುಡುಗಿಯರಿಗೆ ಮತ್ತು ಚಿಕ್ಕವರಿಗೆ ಖಾಲಾ ಮನೆ, ಮಸಲಾ ಏನಿದ್ದರೂ ಹಜರತ್ ಅಥವಾ ಮುಫ್ತಿಯವರಿಗೆ. ಈ ಥರ ಮಾಡೋಣ ಅಂದೆ. ಅವರು ಒಪ್ಪಿದರು. ಕಮಿಟಿಯಲ್ಲಿ ಇಬ್ಬರು ಇನ್ನೂ ಒಪ್ಪಿಲ್ಲ. ಮಾಫಿ ವಿಷಯ ಅವರಿಗೆ ನುಂಗಲಾರದ ತುತ್ತಾಗಿದೆ. ಜುಮ್ಮಾ ಆದಮೇಲೆ ಮತ್ತೆ ಕೂರ್ತೀವಿ. ಹಜರತ್ ಸಂಬಳ ಎಷ್ಟು ಅನ್ನೋ ಪ್ರಶ್ನೆಯನ್ನೂ ನಾನೇ ಎತ್ತುತೀನಿ.

ದುರ್ಗದ ಆಪಾ, ನಿಮಗೆ ಒಂದು ಪ್ರಶ್ನೆ. ನನ್ನ ಹೆಂಡತಿ ಉರ್ದು, ಅರಬಿ ಯಾವುದೂ ಓದಿಲ್ಲ, ಕನ್ನಡ ಮೀಡಿಯಂ. ಸೂರಾಗಳನ್ನ ಕನ್ನಡ ಅಕ್ಷರದಲ್ಲಿ ಬರೆದ ಪುಸ್ತಕ ಪೇಟೆಯಲ್ಲಿ ಸಿಗುತ್ತೆ. ಅದನ್ನ ನೋಡಿ ಕಲಿತರೆ ಆಗುತ್ತಾ?

ನದಾಫರ ಮಗಳು, ಚಿತ್ರದುರ್ಗ

ಅರ್ಥ ತಿಳಿಯೋಕೆ ಕನ್ನಡ ಪುಸ್ತಕ ಧಾರಾಳವಾಗಿ ಓದಲಿ, ಮಂಗಳೂರು ಕಡೆಯಿಂದ ಒಳ್ಳೇ ಅನುವಾದಗಳು ಬಂದಿವೆ, ನಾನೂ ಅವನ್ನೇ ಓದೋದು. ಆದರೆ ನಮಾಜಿನಲ್ಲಿ ಓದೋ ಸೂರಾಗಳನ್ನ ಕನ್ನಡ ಅಕ್ಷರ ನೋಡಿ ಕಲಿಯೋದು ಬೇಡ. ಅರಬಿಯಲ್ಲಿ ಸೀನ್, ಸ್ವಾದ್, ಸಾ ಅಂತ ಮೂರು ಹರ್ಫ್ ಇವೆ, ಕನ್ನಡದಲ್ಲಿ ಬರೆದರೆ ಮೂರೂ 'ಸ' ಆಗುತ್ತೆ. ಎರಡು ಬೇರೆ ಬೇರೆ 'ಹ' ಇವೆ, ಅವೂ ಒಂದೇ ಆಗುತ್ತೆ. ಐನ್‌ಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ಆ ಪುಸ್ತಕ ನೋಡಿ ಕಲಿತವರನ್ನ ತಿದ್ದೋದು, ಏನೂ ಕಲಿಯದವರಿಗೆ ಕಲಿಸೋದಕ್ಕಿಂತ ಕಷ್ಟ.

ನಿಮ್ಮ ಹೆಂಡತಿಗೆ ಮಗಳ ಪಕ್ಕ ಖಾಲಾ ಚಾಪೆ ಮೇಲೆ ಕೂರೋಕೆ ಹೇಳಿ. ನೂರಾನಿ ಕಾಯಿದಾ ದೊಡ್ಡವರಿಗೆ ಮಕ್ಕಳಿಗಿಂತ ಬೇಗ ಬರುತ್ತೆ, ದಿನಾ ಅರ್ಧ ಗಂಟೆ ಕೂತರೆ ಸಾಕು. ಭಟ್ಟಿ ಕೆಲಸದಿಂದ ಬಂದು ಸುಸ್ತಾಗಿದ್ದರೆ ಮೊದಲು ಫಾತಿಹಾ ಒಂದನ್ನೇ ಸರಿ ಮಾಡಿಕೊಳ್ಳಲಿ, ನಮಾಜಿನ ಎಲ್ಲ ರಕಾತ್‌ಗೂ (ಸುತ್ತಿಗೂ) ಬೇಕಾಗೋದು ಅದು.